ಎಣ್ಣೆ ಬದಲಿಸಿದವನ ಕೈಗುಣ

“ಅಜ್ಜಾರ, ಕೂಡಿದ ಮನೀನ ಒಡದಾಕೀನ ತವರಿಗೆ ಕಳಿಸಿದ್ರ ತಪ್ಪೇನ್ರಿ?”

ಪ್ರಶ್ನೆ ಕೇಳಿದವನು ಈರಸಂಗಪ್ಪ. ಮಠದ ಹಳೆಯ ಶಿಷ್ಯ, ದೊಡ್ಡ ಕುಟುಂಬದ ಯಜಮಾನ. ನಮಸ್ಕಾರ ಮಾಡಿ ಕೂರುವಷ್ಟು ತಾಳ್ಮೆಯೂ ಅವನಿಗೆ ಅಂದು ಇರಲಿಲ್ಲ. ಹಿರಿಯ ಮಗನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೊಸ ಸೊಸೆ ಒಂದು ದಿನ, ಗಂಡಸರೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುವಾಗ, “ಇಷ್ಟು ಮಂದಿ ರೊಟ್ಟಿ ಸಣ್ಣತ್ತಿ ಒಬ್ಬರ ಯಾಕ ಬಡೀಬೇಕು?” ಎಂದು ಎಲ್ಲರ ಎದುರಿಗೇ ಕೇಳಿದಳು. ಸಣ್ಣತ್ತಿ ಎಂದರೆ ಈರಸಂಗಪ್ಪನ ತಮ್ಮನ ಹೆಂಡತಿ. ಆ ಮಾತು ಕಿವಿಗೆ ಬಿದ್ದದ್ದೇ ಆಕೆ ಒಲೆಯ ಮುಂದೆ ಕೂತಲ್ಲೇ ಅಳತೊಡಗಿದಳು. ತಮ್ಮ ತಟ್ಟೆ ಬಿಟ್ಟು ಎದ್ದ. ಮುಂದಿನ ಅಮಾವಾಸ್ಯೆ ಬರುವುದರೊಳಗೆ ಮನೆಯಲ್ಲಿ ಎರಡು ಒಲೆ ಹೊತ್ತಿದವು.

“ಇಷ್ಟು ವರ್ಷ ನಮ್ಮ ಮನಿಯೊಳಗ ಒಬ್ಬರ ದನಿ ಏರಿದ್ದಿಲ್ರಿ. ಮೊನ್ನೆ ಬಂದಾಕಿ ಬಾಯಿ ತಗದಳು, ಮನಿ ಹೋಳಾತು. ಆಕಿ ಕಾಲಗುಣಾನ ಸರಿ ಇಲ್ಲ. ನೀವು ಹೂಂ ಅಂದ್ರ ನಾಳೆನ ಬಸ್ಸು ಹತ್ತಿಸ್ತೇನಿ.”

ಅಜ್ಜನವರ ಸಿಟ್ಟು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿದ್ದದ್ದೇ. ಆಶೀರ್ವಾದಕ್ಕೆ ಬಂದವರು ಬೈಗುಳ ತಿಂದು ಹೋದದ್ದೂ ಉಂಟು. ಆದರೆ ಅಂದು ಅವರು ಬೈಯಲಿಲ್ಲ.

“ಕೂಡು. ಒಂದು ಕತಿ ಕೇಳು. ಆಮ್ಯಾಲ ಕಳಸ್ತೀಯೋ ಬಿಡ್ತೀಯೋ, ನಿನಗ ಬಿಟ್ಟದ್ದು.”

ಕತೆ ಹೇಳುವಾಗ ಅಜ್ಜನವರ ಮಾತು ಪುಸ್ತಕದ ಮಾತಾಗುತ್ತಿತ್ತು. ಸಿಟ್ಟು ಮಾತ್ರ ಹಾಗೆಯೇ ಇರುತ್ತಿತ್ತು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಮಾರುತ್ತಿದ್ದ. ಎಳೆತನದಲ್ಲಿ ಬಂದ ಜ್ವರವೊಂದು ಅವನ ಎಡಗಾಲಿನ ಬಲವನ್ನೆಲ್ಲ ಕಿತ್ತುಕೊಂಡು ಹೋಗಿತ್ತು. ಹೀಗಾಗಿ ಅರ್ಧ ಆಯುಷ್ಯವನ್ನು ಅವನು ಬೇರೆಯವರ ಹೆಗಲ ಮೇಲೆ ಕಳೆದ. ಸಂತೆಗೆ ಹೋಗಬೇಕೆಂದರೆ ಭಾವಮೈದುನನ ಮುಖ ನೋಡಬೇಕು. ಬೀಗರ ಮನೆಗೆ ಹೋಗಬೇಕೆಂದರೆ ಅಣ್ಣನ ಮಗನ ಮುಖ ನೋಡಬೇಕು. ಅವರು ಕರೆದುಕೊಂಡು ಹೋಗುತ್ತಿದ್ದರು, ಇಲ್ಲವೆನ್ನಲಾಗದು. ಕರೆದುಕೊಂಡು ಹೋಗುತ್ತಿದ್ದೇವೆ ಎಂಬುದನ್ನು ಹಾದಿಯುದ್ದಕ್ಕೂ ನೆನಪೂ ಮಾಡುತ್ತಿದ್ದರು. ಹಂಗಿನ ಅನ್ನವೇ ಗಂಟಲಲ್ಲಿ ಇಳಿಯುವುದಿಲ್ಲ, ಹಂಗಿನ ಸವಾರಿ ಇಳಿದೀತೇ? ವ್ಯಾಪಾರಿ ನುಂಗಿಕೊಂಡು ಕೂತಿರುತ್ತಿದ್ದ.

ಆಮೇಲೆ ಅವನು ಒಂದು ಹಳೆಯ ಕಾರು ಕೊಂಡ. ಗೇರು ತಾನಾಗಿಯೇ ಬದಲಾಗುವ ಆಟೋಮ್ಯಾಟಿಕ್ ಕಾರು. ಅದರಲ್ಲಿ ಕ್ಲಚ್ ಒತ್ತುವುದಿಲ್ಲ, ಆದ್ದರಿಂದ ಎಡಗಾಲಿಗೆ ಕೆಲಸವೇ ಇಲ್ಲ. ಬಲಗಾಲು ಒಂದಿದ್ದರೆ ದೇಶ ಸುತ್ತಬಹುದು. ಕಲಿತ ಮೇಲೆ ಮೊದಲ ಸಲ ಅವನು ಒಬ್ಬನೇ ಸಂತೆಗೆ ಹೋದ, ಒಬ್ಬನೇ ತಿರುಗಿ ಬಂದ. ಮನೆಯ ಮುಂದೆ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಒಳಗೇ ಕೂತು ಅತ್ತ. ಅಂದಿನಿಂದ ಅವನು ಯಾರನ್ನೂ, ನನ್ನನ್ನು ಅಲ್ಲಿಗೆ ಬಿಡು ಎಂದು ಕೇಳಲಿಲ್ಲ. ಆ ಕಾರು ಇರುವವರೆಗೆ ಅವನು ತನ್ನ ಕಾಲ ಮೇಲೆ ನಿಂತ ಮನುಷ್ಯ. ಅದು ಹೋದರೆ ಮತ್ತೆ ಭಾವಮೈದುನನ ಬಾಗಿಲು.

ಆಯುಧಪೂಜೆಯ ದಿನ ಅವನು ಆ ಕಾರಿಗೆ ಮಾಡುತ್ತಿದ್ದ ಸೇವೆಯನ್ನು ನೋಡಬೇಕಿತ್ತು. ತೊಳೆದು ಒರೆಸಿ, ಮುಂದಿನ ಮುಚ್ಚಳಕ್ಕೆ ವಿಭೂತಿಯ ಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತಿದ್ದ. ಮುಚ್ಚಳ ಎತ್ತಿ ಒಳಗೆ ಏನಾಗಿದೆ ಎಂದು ಮಾತ್ರ ನೋಡುತ್ತಿರಲಿಲ್ಲ. ದೇವರಿಗೆ ಹೊರಗಿನಿಂದ ಕೈ ಮುಗಿದರೆ ಒಳಗಿನದೆಲ್ಲ ತಾನೇ ಸರಿಹೋಗುತ್ತದೆ ಎಂದು ನಂಬಿದ ಜನ ನಾವು. ಅವನೂ ನಮ್ಮವನೇ.

ಗೇರಿನ ಪೆಟ್ಟಿಗೆಯೊಳಗೆ ಒಂದು ಎಣ್ಣೆ ಇರುತ್ತದೆ. ಒಳಗೆ ತಿರುಗುವ ತೆಳು ಪ್ಲೇಟುಗಳು ಒಂದನ್ನೊಂದು ಹಿಡಿದು ಬಿಡುವುದು ಅದರ ನಡುವೆಯೇ. ಎಲ್ಲ ಎಣ್ಣೆಯಂತೆ ಅದೂ ಕಾಯುತ್ತದೆ, ಹಳೆಯದಾಗುತ್ತದೆ. ಕಾಲಕಾಲಕ್ಕೆ ತೆಗೆದು ಹೊಸದನ್ನು ಹಾಕಬೇಕು. ಆದರೆ ಕಾರು ಮಾರಿದ ದಲ್ಲಾಳಿ, “ಇದಕ್ಕ ಎಣ್ಣಿ ಬದಲಿಸೂ ರಗಳೇನ ಇಲ್ರಿ, ಹುಟ್ಟಿದಾಗ ಹಾಕಿದ್ದು ಸಾಯೂತನಕ” ಎಂದಿದ್ದ. ಕೇಳಲು ಹಿತವಾದ ಮಾತನ್ನು ಒರೆಗೆ ಹಚ್ಚುವವರು ಯಾರು?

ಆ ವ್ಯಾಪಾರಿ ಎಂಥವನು ಗೊತ್ತೇ? ಡಬ್ಬಿಯ ಬಾಯಿಗೆ ಮೂಗು ಹಿಡಿದು, ಇದು ಈ ಸುಗ್ಗಿಯ ಎಣ್ಣೆ, ಇದು ಹೋದ ಸುಗ್ಗಿಯದು ಎಂದು ಹೇಳುತ್ತಿದ್ದ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಭಜಿ ಕರಿಯುತ್ತಿದ್ದ ಹೋಟೆಲಿನವನ ಮುಂದೆ ನಿಂತು, ಮಂದಿಗೆ ವಿಷ ಹಾಕುತ್ತೀಯಾ ಎಂದು ಬೀದಿ ಜಗಳ ಮಾಡಿದ್ದ. ಅಂಥವನು ತನ್ನನ್ನು ಹೊತ್ತು ತಿರುಗುವ ಕಾರಿನ ಎಣ್ಣೆಯನ್ನು ಒಂದು ದಿನವೂ ಮೂಸಲಿಲ್ಲ. ಹೇಳಲು ನನಗೇ ಹೊಟ್ಟೆ ಉರಿಯುತ್ತದೆ.

ವರ್ಷಗಳು ಹೋದವು. ಕಾರು ಗೇರು ಬದಲಿಸುವಾಗ ಜಗ್ಗತೊಡಗಿತು. ಏರಿನಲ್ಲಿ ಮೊದಲು ತಡವರಿಸಿ, ಆಮೇಲೆ ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ಹಾರುತ್ತಿತ್ತು. ವ್ಯಾಪಾರಿಯ ಎದೆ ಒಡೆಯಿತು. ಪೇಟೆಯ ಒಬ್ಬ ಗಾಡಿ ಮೇಸ್ತ್ರಿಯ ಹತ್ತಿರ ಹೋದ. ಆ ಮೇಸ್ತ್ರಿ ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದ, ಮೂಸಿದ, ಒರೆಸಿ ಮತ್ತೆ ಅಲ್ಲೇ ಇಟ್ಟ.

“ಇದನ್ನ ಮುಟ್ಟಬ್ಯಾಡ್ರಿ ಸಾವಕಾರ್ರ. ನಡದಷ್ಟು ನಡೀಲಿ.”

ಇನ್ನೊಬ್ಬನ ಹತ್ತಿರ ಹೋದ. ಅವನೂ ಹಾಗೆಯೇ ಹೇಳಿದ. ಏಕೆ ಎಂದು ಇಬ್ಬರೂ ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಎಣ್ಣೆ ಸತ್ತಿದೆ, ಗೇರು ಸಾಯುತ್ತಿದೆ, ಈಗ ಯಾರು ಕೈ ಹಾಕುತ್ತಾರೋ ಅವರ ಕೈಯಲ್ಲಿ ಸತ್ತಿತೆಂದು ಹೆಸರು ಬರುತ್ತದೆ. ಆ ಹೆಸರು ತಮಗೆ ಬೇಡವೆಂದು ಇಬ್ಬರೂ ಕೈ ತೊಳೆದುಕೊಂಡರು. ಅಂಥವರನ್ನು ಲೋಕ ಜಾಣರು ಎಂದು ಕರೆಯುತ್ತದೆ. ನಾನು ಕರೆಯುವ ಹೆಸರು ಬೇರೆ ಇದೆ, ಮಠದಲ್ಲಿ ಕೂತು ಅದನ್ನು ಆಡುವಂತಿಲ್ಲ.

ಊರ ಹೊರಗೆ ಮತ್ತೊಬ್ಬ ಮೇಸ್ತ್ರಿ ಇದ್ದ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿಗಳನ್ನು ಬೈಯದೆ ಅವನಿಗೆ ಒಂದು ತಿರುಪು ಬಿಚ್ಚಲೂ ಬರುತ್ತಿರಲಿಲ್ಲ. ವ್ಯಾಪಾರಿ ಅವನಲ್ಲಿಗೂ ಹೋದ. ಕಡ್ಡಿಯ ತುದಿಯಲ್ಲಿ ಬಂದದ್ದು ಎಣ್ಣೆಯೋ ಡಾಂಬರೋ ಹೇಳುವಂತಿರಲಿಲ್ಲ. ಸೀದು ಹೋದ ವಾಸನೆ ಹೊಡೆಯುತ್ತಿತ್ತು. ಮೇಸ್ತ್ರಿ ಕಡ್ಡಿಯನ್ನು ವ್ಯಾಪಾರಿಯ ಮೂಗಿನ ಹತ್ತಿರ ಹಿಡಿದ.

“ಎಣ್ಣಿ ಮಾರೂ ಮಂದಿ ನೀವು! ಇಂಥಾದ್ದು ನಿಮ್ಮ ಅಂಗಡಿಯೊಳಗಿದ್ರ ಚರಂಡಿಗೆ ಚೆಲ್ಲತಿದ್ರಿ. ಇದನ್ನ ಗಾಡಿಯೊಳಗ ಹೆಂಗ ಇಟಗೊಂಡ್ರಿ?”

ವ್ಯಾಪಾರಿಗೆ ಮೈ ಉರಿಯಿತು. ಆದರೆ ಅಗತ್ಯ ತನ್ನದು. “ಬದಲಿಸಿದ್ರ ಸರಿಹೋಗತೈತೇನು?” ಎಂದ.

“ಹೋದ್ರೂ ಹೋಗಬಹುದು, ಇಲ್ಲದಿದ್ರ ಇಲ್ಲ. ಬಾಳ ತಡಾ ಮಾಡೀರಿ. ಒಳಗ ಪ್ಲೇಟು ಎಷ್ಟು ಸವದಾವೋ ಶಿವನಿಗೇ ಗೊತ್ತು. ಆದ್ರ ಹಿಂಗ ಬಿಟ್ರ ಸಾಯೂದಂತೂ ಖರೆ.”

‘ಹೋಗಬಹುದು’ ಎಂಬುದನ್ನು ವ್ಯಾಪಾರಿ ಕೇಳಿಸಿಕೊಂಡ. ಉಳಿದದ್ದು ಗಾಳಿಗೆ ಹೋಯಿತು. ಹೂಂ, ಬದಲಿಸು ಎಂದ.

ಮೇಸ್ತ್ರಿ ಕಾರಿನ ಕೆಳಗೆ ಮಲಗಿ ತಿರುಪು ಬಿಚ್ಚಿದ. ಕಪ್ಪು ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು ಮೂಲೆಗೆ ಇಟ್ಟ. ಹೊಸ ಎಣ್ಣೆ ಹಾಕಿದ. ಅದು ದಾಳಿಂಬೆಯ ರಸದಂತೆ ಕೆಂಪಗಿತ್ತು. ಕಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೊರಟಿತು. ವ್ಯಾಪಾರಿ ಗಾಜು ಇಳಿಸಿ ಮೇಸ್ತ್ರಿಯ ಎಣ್ಣೆಗೈಯನ್ನು ಹಿಡಿದು, ನಿನ್ನ ಕೈಗುಣ ದೊಡ್ಡದು ಎಂದು ಹೊಗಳಿದ. ಮೇಸ್ತ್ರಿ ಕೈ ಒರೆಸಿಕೊಂಡ. ಏರಿನಲ್ಲಿ ನಿಧಾನ ಹೋಗಿ ಎಂದಷ್ಟೇ ಹೇಳಿದ.

ಆ ಸುಖ ಮುಂದಿನ ಸಂತೆಯವರೆಗೆ ಇತ್ತು. ಸಂತೆ ಮುಗಿಸಿ ಬರುವಾಗ ಊರ ಮುಂದಿನ ಏರಿನಲ್ಲಿ ಎಂಜಿನ್ ಒದರತೊಡಗಿತು, ಗಾಲಿಗಳು ಮಾತ್ರ ತಿರುಗಲಿಲ್ಲ. ಹಿಂದಿನ ಗಾಡಿಯಲ್ಲಿ ಬರುತ್ತಿದ್ದ ಮಂದಿ ಇಳಿದು, ಕಾರನ್ನು ತಳ್ಳಿ ಮನೆ ಮುಟ್ಟಿಸಿದರು. ಭಾವಮೈದುನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

“ಇನ್ನ ನಮ್ಮ ನೆನಪು ಆಗತೈತಿ ಬಿಡ್ರಿ ಮಾವಾರ” ಎಂದ.

ಆ ಒಂದು ಮಾತಿಗೆ ವ್ಯಾಪಾರಿಯ ಸಿಟ್ಟು ನೆತ್ತಿಗೇರಿತು. ಸಿಟ್ಟು ಬರಿಸಿದವನು ಭಾವಮೈದುನ. ಆದರೆ ಅವನನ್ನು ಬೈಯುವಂತಿಲ್ಲ, ನಾಳೆ ಅವನೇ ಬೇಕು. ತನ್ನನ್ನು ತಾನು ಬೈದುಕೊಳ್ಳುವ ಅಭ್ಯಾಸ ಮೊದಲೇ ಇಲ್ಲ. ಉಳಿದವನು ಮೇಸ್ತ್ರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸತೇನಲ್ಲ. ವ್ಯಾಪಾರಿ ಕೋಲು ಊರಿಕೊಂಡು, ಹಾದಿಯಲ್ಲಿ ಸಿಕ್ಕವರನ್ನೆಲ್ಲ ಬೆನ್ನಿಗೆ ಹಾಕಿಕೊಂಡು, ಮೇಸ್ತ್ರಿಯ ಶೆಡ್ಡಿನ ಮುಂದೆ ಹೋಗಿ ನಿಂತ.

“ನನ್ನ ಕಾಲು ಮುರದೆಲ್ಲೊ! ನಡಿಯೂ ಗಾಡಿ ತಂದುಕೊಟ್ನಿ, ಹೆಣಾ ಮಾಡಿ ಕಳಿಸಿದಿ. ನಿನ್ನ ಕೈಗುಣಕ್ಕ ಬೆಂಕಿ ಹಾಕ!”

ಮೇಸ್ತ್ರಿಯೂ ಕೈ ಕಟ್ಟಿಕೊಂಡು ಕೇಳುವ ಪೈಕಿ ಅಲ್ಲ. ಮೂಲೆಯಲ್ಲಿದ್ದ ಡಬ್ಬಿಯನ್ನು ಎಳೆದು ತಂದು ಎಲ್ಲರ ನಡುವೆ ಇಟ್ಟ. ಅದರಲ್ಲಿ ಕೈ ಅದ್ದಿ, ಬೆರಳುಗಳನ್ನು ತಿಕ್ಕಿ, ಬಿಸಿಲಿಗೆ ಹಿಡಿದ. ಬೆರಳಿನ ತುಂಬ ನುಣ್ಣನೆಯ ಪುಡಿ ಮೆತ್ತಿಕೊಂಡಿತ್ತು.

“ನೋಡ್ರಿ ಇಲ್ಲೆ. ಇದು ನಿಮ್ಮ ಗೇರಿನ ಪ್ಲೇಟು. ನೀವು ಎಣ್ಣಿ ಬದಲಿಸದ ವರ್ಷ ಎಲ್ಲಾ ಸವದು ಸವದು ಪುಡಿ ಆಗಿ ಇದರಾಗ ಬಿದ್ದೈತಿ. ಈ ಪುಡೀನ ಹಿಡಕೊಂಡು ನಿಮ್ಮ ಗಾಡಿ ಏರು ಹತ್ತತಿತ್ತು. ಪುಡಿ ತಗದವ ನಾನು, ಖರೆ. ಸವಿಸಿದವರು ಯಾರು?”

ಸೇರಿದ ಜನರಲ್ಲಿ ಒಬ್ಬನಾದರೂ ಆ ಮಾತನ್ನು ತೂಗಿ ನೋಡಬೇಕಿತ್ತು. ಯಾರೂ ನೋಡಲಿಲ್ಲ. ಮೊನ್ನೆಯವರೆಗೆ ಓಡುತ್ತಿತ್ತು, ಇವನು ಮುಟ್ಟಿದ, ನಿಂತಿತು. ಜನಕ್ಕೆ ಇಷ್ಟೇ ಲೆಕ್ಕ. ವ್ಯಾಪಾರಿಗೂ ಒಳಗೆಲ್ಲೋ ಚುರ್ರೆಂದಿರಬೇಕು. ಏಕೆಂದರೆ ಅವನ ದನಿ ಇನ್ನೂ ಏರಿತು.

“ಹಂಗಾರ ಆ ಪುಡೀನ ತಿರುಗಿ ಹಾಕು!”

“ಹೊಲಸು ತಿರುಗಿ ಹಾಕಾಕ ನಾ ಅಂಗಡಿ ಇಟ್ಟಿಲ್ಲ. ನಡೀರಿ ಇಲ್ಲಿಂದ” ಎಂದು ಮೇಸ್ತ್ರಿ ಡಬ್ಬಿಯನ್ನು ಕಾಲಿನಿಂದ ಅವನ ಕಡೆಗೆ ನೂಕಿದ.

ಭಜಿಯವನನ್ನು ಬೀದಿಗೆ ಎಳೆದ ಮನುಷ್ಯ ಆ ಕಪ್ಪು ಡಬ್ಬಿಯನ್ನು ತೀರ್ಥದಂತೆ ಎತ್ತಿಸಿಕೊಂಡು ಹೋದ. ಕಾರನ್ನು ಎಳೆಸಿಕೊಂಡು ಪೇಟೆಯ ಮೊದಲ ಮೇಸ್ತ್ರಿಯ ಹತ್ತಿರ ಬಂದ. ಆ ಜಾಣ, “ನಾ ಅವತ್ತ ಹೇಳಿದ್ನಿಲ್ರಿ?” ಎಂದು ನಕ್ಕು, ಕೆಂಪು ಎಣ್ಣೆಯನ್ನು ಇಳಿಸಿ ಕಪ್ಪು ಎಣ್ಣೆಯನ್ನು ತುಂಬಿದ.

ಕಾರು ಓಡಿತು.

ಹೌದು, ಓಡಿತು. ಜಗ್ಗುತ್ತ, ಒದೆಯುತ್ತ, ಮೊದಲಿನಂತೆಯೇ ಓಡಿತು. ಸುಳ್ಳಿಗೂ ನಾಲ್ಕು ದಿನ ಓಡುವ ಶಕ್ತಿ ಇರುತ್ತದೆ, ಜನ ಅದನ್ನು ನೋಡಿ ಮೋಸ ಹೋಗುತ್ತಾರೆ. ವ್ಯಾಪಾರಿ ಹಾರ್ನ್ ಹೊಡೆಯುತ್ತ ಊರ ಹೊರಗಿನ ಶೆಡ್ಡಿನ ಮುಂದೆ ಹೋದ, ತಿರುಗಿಸಿಕೊಂಡು ಮತ್ತೆ ಅದೇ ಶೆಡ್ಡಿನ ಮುಂದೆ ಬಂದ. ಮೇಸ್ತ್ರಿ ಹೊರಗೆ ಬಂದು ನೋಡಿ ಒಳಗೆ ಹೋದ. ಎಷ್ಟು ಸಿಟ್ಟಿನವನಿಗಾದರೂ ಕೆಲವು ಹೊತ್ತಿನಲ್ಲಿ ಬೈಗುಳ ಸಿಗುವುದಿಲ್ಲ.

ಅವನ ಕೈಗುಣ ಕೆಟ್ಟದ್ದು ಎಂದು ಊರಲ್ಲಿ ಹಬ್ಬಿತು. ಮುಟ್ಟಿದ್ದೆಲ್ಲ ಸಾಯುತ್ತದೆ ಎಂದರು. ಟ್ರ್ಯಾಕ್ಟರ್ ತಂದ ಒಬ್ಬ ರೈತ ಶೆಡ್ಡಿನ ಬಾಗಿಲವರೆಗೆ ಬಂದು, ಯಾರೋ ಹಿಂದಿನಿಂದ ಕೂಗಿದ್ದಕ್ಕೆ ತಿರುಗಿಸಿಕೊಂಡು ಹೋದ. ನಲ್ಲಿಯ ಹತ್ತಿರ ಹೆಂಗಸರು ಮೇಸ್ತ್ರಿಯ ಹೆಂಡತಿಯ ಕೊಡಕ್ಕೆ ತಮ್ಮ ಕೊಡ ತಾಗದಂತೆ ಸರಿಸಿಕೊಂಡರು. ಒಂದು ದಿನ ಅವನು ಪಾನಾ, ಜಾಕು ಮುಂತಾದ ಸಲಕರಣೆ, ಹೆಂಡತಿ, ಮಕ್ಕಳನ್ನು ಒಂದು ಟೆಂಪೋದಲ್ಲಿ ಹಾಕಿಕೊಂಡು ಊರು ಬಿಟ್ಟ. ಎಲ್ಲಿಗೆ ಹೋದ ಎಂದು ಯಾರೂ ಕೇಳಲಿಲ್ಲ. ಹಾಳಾಗಿದೆ ಎಂದು ಹೇಳಿದವನನ್ನು ಓಡಿಸುವಾಗ ಇರುವ ಒಗ್ಗಟ್ಟು, ಹಾಳಾದದ್ದನ್ನು ಸರಿಮಾಡುವಾಗ ಈ ನಾಡಿನಲ್ಲಿ ಎಲ್ಲಿ ಹೋಗುತ್ತದೆಯೋ ನನಗೆ ತಿಳಿಯದು.

ಇಲ್ಲಿಗೆ ಬಂದಾಗ ಅಜ್ಜನವರ ದನಿ ಗದರುವಂತಾಗಿತ್ತು. ಅವರು ತಂಬಿಗೆ ಎತ್ತಿ ನೀರು ಕುಡಿದರು. ಈರಸಂಗಪ್ಪ, “ಪಾಪ, ಮೇಸ್ತ್ರಿದೇನೂ ತಪ್ಪಿದ್ದಿಲ್ರಿ” ಎಂದ. ಅಜ್ಜನವರು ತಂಬಿಗೆ ಕೆಳಗಿಟ್ಟರು. ಕತೆಯನ್ನು ಮುಂದುವರಿಸಿದರು.

ಬೇಸಿಗೆ ಬಂತು. ವ್ಯಾಪಾರಿ ದೂರದ ಊರಿನ ಸಂತೆಗೆ ಹೊರಟಿದ್ದ. ಹಾದಿಯ ನಡುವೆ, ಸುತ್ತ ಒಂದು ಮರವಿಲ್ಲದ ಬಯಲಿನಲ್ಲಿ, ಕಾರು ಒಮ್ಮೆ ನಡುಗಿ ನಿಂತಿತು. ಗೇರನ್ನು ಮುಂದೆ ಹಾಕಿದ, ಹಿಂದೆ ಹಾಕಿದ. ಒಳಗಿನ ಪ್ಲೇಟುಗಳು ಯಾವುದನ್ನೂ ಹಿಡಿಯಲಿಲ್ಲ. ಹಿಡಿಯಲು ಅವುಗಳ ಮೇಲೆ ಏನೂ ಉಳಿದಿರಲಿಲ್ಲ, ಪುಡಿಗೂ ಹಿಡಿದಿಡುವ ಕಾಲ ಮುಗಿದಿತ್ತು. ವ್ಯಾಪಾರಿ ಇಳಿದು ಅಷ್ಟು ದೂರ ನಡೆಯುವಂತಿಲ್ಲ, ಕೂತಿರುವಂತಿಲ್ಲ. ತಗಡು ಕಾದು ಒಲೆಯಾಗಿತ್ತು. ಹಾರ್ನ್ ಹೊಡೆದ. ಕೇಳುವವರು ಯಾರೂ ಇರಲಿಲ್ಲ. ಬಾಯಾರಿ ನಾಲಿಗೆ ದಪ್ಪಗಾದ ಮೇಲೆ ಒಬ್ಬ ಕುರುಬ ಕುರಿ ಹೊಡೆದುಕೊಂಡು ಆ ಹಾದಿಗೆ ಬಂದ. ನೀರು ಕುಡಿಸಿ, ಅವನನ್ನು ಬೆನ್ನ ಮೇಲೆ ಹೊತ್ತು, ಡಾಂಬರು ರಸ್ತೆಗೆ ತಂದು ಇಳಿಸಿದ. ಆ ಬೆನ್ನ ಮೇಲೆ ಕೂತಾಗ ವ್ಯಾಪಾರಿಗೆ ಗೊತ್ತಾಯಿತು, ಇನ್ನು ತನ್ನ ಬಾಳು ಇಷ್ಟೇ ಎಂದು. ಸಂಜೆ ಭಾವಮೈದುನ ಬಂದು ಕರೆದುಕೊಂಡು ಹೋದ. ಹಾದಿಯುದ್ದಕ್ಕೂ ಮಾತಾಡಿದ.

ದೊಡ್ಡ ಊರಿನ ಮೇಸ್ತ್ರಿಯೊಬ್ಬ ಗೇರಿನ ಪೆಟ್ಟಿಗೆ ಬಿಚ್ಚಿ ನೋಡಿದ. ಪ್ಲೇಟುಗಳು ಬೋಳಾಗಿ ಬರೀ ಕಬ್ಬಿಣ ಕಾಣುತ್ತಿತ್ತು. ಇದು ಬಹಳ ವರ್ಷಗಳ ಸವೆತ, ಒಂದು ದಿನದ್ದಲ್ಲ, ಇನ್ನು ಇದಕ್ಕೆ ಉಪಾಯವಿಲ್ಲ ಎಂದ. ತಿಳಿಯುವಂತೆಯೇ ಹೇಳಿದ, ವ್ಯಾಪಾರಿಯ ಕೈಯಲ್ಲೇ ಪ್ಲೇಟನ್ನು ಇಟ್ಟು ಹೇಳಿದ. ವ್ಯಾಪಾರಿ ಏನೆಂದ ಗೊತ್ತೇ?

“ಊರ ಹೊರಗಿನವ ಕೈ ಹಚ್ಚಿದ ದಿನಾನ ಇದರ ಆಯುಷ್ಯ ಮುಗದಿತ್ತು.”

ಸವೆದ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡೇ ಹಾಗೆಂದ. ಆಮೇಲೆ ಬದುಕಿದಷ್ಟು ವರ್ಷವೂ, ಯಾರ ಬೆನ್ನ ಮೇಲೆ ಕೂತರೂ, ಅವನು ಬೈದದ್ದು ಆ ಮೇಸ್ತ್ರಿಯನ್ನೇ. ಕತೆ ಇಷ್ಟು.

ಈರಸಂಗಪ್ಪ ತೊಡೆ ತಟ್ಟಿದ. ಅವನ ಸಿಟ್ಟು ಈಗ ಸೊಸೆಯನ್ನು ಬಿಟ್ಟು ವ್ಯಾಪಾರಿಯ ಮೇಲೆ ತಿರುಗಿತ್ತು.

“ಎಂಥಾ ಹುಚ್ಚ ಅದಾನ್ರೀ ಅವ! ಕೈಯಾಗ ಹಿಡಕೊಂಡ್ರೂ ಕಣ್ಣಿಗೆ ಕಾಣಬಾರದೇನು? ಇಂಥಾವರಿಗೆ ಏನಂತ ಹೇಳೂದ್ರಿ ಅಜ್ಜಾರ?”

ಅಜ್ಜನವರು ಅವನನ್ನು ನೋಡಿದರು. ದನಿಯಲ್ಲಿ ಈಗ ಸಿಟ್ಟು ಇರಲಿಲ್ಲ.

“ನಿನ್ನ ಮನಿಯೊಳಗ ಸವದಾಕಿ ಯಾರು, ಈರಸಂಗಪ್ಪ?”

ಈರಸಂಗಪ್ಪ, “ಒಲಿ ಮುಂದ ಕುಂತಾಕಿರಿ” ಎಂದ.